ಮೊಂಡುಬಾಲದ ಇಲಿ ಓಡಲಿಲ್ಲ

ನೋವಾದರೆ ಮರೆಮಾಚದೆ ತೋರಿಸಬೇಕು ಎಂಬುದು ಪ್ರಯೋಗಾಲಯದ ಇಲಿಗಳ ನಿಯಮ. ಅಲ್ಲಿನ ಒಂದು ಪಂಜರದ ಇಲಿಗಳೆಲ್ಲವೂ ಅದನ್ನು ಮುರಿದಿದ್ದವು. ಹೊಸ ಬೇರಿನೆಣ್ಣೆ ಕುಡಿಸಿದಂದಿನಿಂದ ಎಲ್ಲರ ಹೊಟ್ಟೆಯೂ ಉರಿಯುತ್ತಿತ್ತು. ಆದರೂ ಪರೀಕ್ಷಕಿಯ ಹೆಜ್ಜೆ ಸಪ್ಪಳ ಕೇಳಿದೊಡನೆ ಎಲ್ಲವೂ ಚುರುಕಾಗಿ ಓಡಾಡುತ್ತಿದ್ದವು.

“ಬಂದಳು, ಎದ್ದು ಓಡೇ,” ಎಂದಿತು ಮುದಿ ಇಲಿ. “ಬಳಲಿದವರನ್ನು ಹೊರಗೆ ಒಯ್ಯುತ್ತಾರೆ. ಹೋದವರು ಯಾರೂ ತಿರುಗಿ ಬಂದಿಲ್ಲ.”

“ನಾವು ಹೀಗೆ ಓಡಿ ತೋರಿಸಿದರೆ ನಾಳೆ ಇದೇ ಎಣ್ಣೆ ಪಕ್ಕದ ಪಂಜರದ ಮರಿಗಳ ಬಾಯಿಗೆ ಬೀಳುತ್ತದೆ, ಅಜ್ಜ,” ಎಂದಿತು ಮೊಂಡುಬಾಲದ ಹೆಣ್ಣಿಲಿ.

ಮೇಜಿನ ಮೇಲಿದ್ದ ಎಣ್ಣೆ ಬಾಟಲಿ ನಕ್ಕಿತು. “ನಾನು ಗಿಡದಿಂದ ಬಂದವನಮ್ಮ. ನನ್ನಿಂದ ಯಾರಿಗೆ ಏನಾದೀತು?”

“ಅದನ್ನು ಹೇಳಬೇಕಾದವನು ನೀನಲ್ಲ. ಕುಡಿದವಳು ನಾನು.”

ಪರೀಕ್ಷಕಿ ಪಂಜರದ ಮುಂದೆ ಬಂದು ನಿಂತಳು. ಉಳಿದ ಇಲಿಗಳು ಓಡತೊಡಗಿದವು. ಮೊಂಡುಬಾಲದ ಇಲಿ ಅವಳ ಕಣ್ಣೆದುರೇ ಅಡ್ಡ ಬಿದ್ದು ಊದಿದ ಹೊಟ್ಟೆ ತೋರಿಸಿತು. ಮುದಿ ಇಲಿ ಕಿವಿ ಕಚ್ಚಿ ಎಳೆದರೂ ಏಳಲಿಲ್ಲ.

“ಇದು ಮರಿಗಳಿಗೆ ಬೇಡ,” ಎಂದು ಪರೀಕ್ಷಕಿ ಬಾಟಲಿಯ ಮುಚ್ಚಳ ಬಿಗಿದು, ಪಂಜರದೊಳಕ್ಕೆ ಕೈ ಚಾಚಿದಳು. ಮೊಂಡುಬಾಲದ ಇಲಿ ಆಗ ಎದ್ದಿತು, ತಲೆ ಎತ್ತಿ ನಡೆದು ಆ ಅಂಗೈಯನ್ನು ತಾನೇ ಏರಿತು.