ದೊಡ್ಡ ಮೀನು ಹಿಡಿದವರು ಯಾರು?

ಒಂದು ಕಾಡಿನಲ್ಲಿ ಹೊಳೆಯೊಂದು ಹರಿಯುತ್ತಿತ್ತು. ಹೊಳೆ ತಿರುವು ತೆಗೆದುಕೊಳ್ಳುವಲ್ಲಿ ಆಳವಾದ ಒಂದು ಮಡುವಿತ್ತು. ಆ ಮಡುವಿನಲ್ಲಿ ಒಂಬತ್ತು ನೀರುನಾಯಿಗಳ ಒಂದು ಕುಟುಂಬ ವಾಸವಾಗಿತ್ತು. ಹೊನಲಮ್ಮ ಆ ಕುಟುಂಬದ ಯಜಮಾನಿ. ಅವಳ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಅವಳಿಗೆ ಒಬ್ಬನೇ ಮಗ. ಅವನ ಹೆಸರು ಚುರುಕ.

ನೀರುನಾಯಿಗಳು ಒಟ್ಟಾಗಿ ಬೇಟೆಯಾಡುತ್ತಿದ್ದವು. ಎಂಟು ಮಂದಿ ಹೊಳೆಯ ಅಗಲಕ್ಕೂ ಸಾಲಾಗಿ ನಿಲ್ಲುತ್ತಿದ್ದರು. ಬಾಲದಿಂದ ನೀರು ಬಡಿಯುತ್ತಾ, ಮುಳುಗುತ್ತಾ, ಏಳುತ್ತಾ ಮೀನುಗಳನ್ನು ಅಟ್ಟಿಕೊಂಡು ಬರುತ್ತಿದ್ದರು. ಮುಂದೆ ಎರಡು ಬಂಡೆಗಳ ನಡುವೆ ಕಿರಿದಾದ ಒಂದು ಸಂದಿ ಇತ್ತು. ಚುರುಕ ಆ ಸಂದಿಯ ಬಾಯಲ್ಲಿ ನಿಲ್ಲುತ್ತಿದ್ದ. ಬೆದರಿದ ಮೀನುಗಳು ಬೇರೆ ದಾರಿ ಕಾಣದೆ ಅಲ್ಲಿಗೇ ನುಗ್ಗುತ್ತಿದ್ದವು. ಚುರುಕ ಬಾಯಿ ಹಾಕಿದರೆ ಸಾಕು, ಮೊಳದುದ್ದದ ಗೆಂಡೆಮೀನು ಸಿಗುತ್ತಿತ್ತು.

"ಭೇಷ್ ಚುರುಕ! ಭೇಷ್!" ಎಂದು ಎಲ್ಲರೂ ಕೂಗುತ್ತಿದ್ದರು.

ದಿನವೂ ಹೀಗೆಯೇ. ಕೇಳಿ ಕೇಳಿ ಚುರುಕನಿಗೆ ತನ್ನಂಥ ಬೇಟೆಗಾರ ಈ ಹೊಳೆಯಲ್ಲೇ ಇಲ್ಲ ಎನ್ನಿಸತೊಡಗಿತು.

ಈ ಭೇಷ್ ಭೇಷ್ ಕೂಗು ದಡದ ಪೊದೆಯಲ್ಲಿದ್ದ ಒಂದು ನರಿಯ ಕಿವಿಗೂ ಬಿತ್ತು. ಮರುದಿನ ನರಿ ಹೊಳೆಯಂಚಿಗೆ ಬಂದು ಕೂತಿತು.

"ಆಹಾ, ಚುರುಕಪ್ಪ! ನಿನ್ನ ಬೇಟೆ ನೋಡಿ ನನ್ನ ಕಣ್ಣು ತುಂಬಿ ಬಂತು. ಈ ಹೊಳೆಯಲ್ಲೇ ನಿನ್ನಂಥವನಿಲ್ಲ" ಎಂದಿತು.

ಚುರುಕ ಹಿಗ್ಗಿಹೋದ. "ನರಿಮಾವ, ಒಂದು ಮೀನು ತಿನ್ನುತ್ತೀಯಾ?" ಎಂದ.

"ನೀನು ಕೊಟ್ಟರೆ ಬೇಡ ಅನ್ನಲಿಕ್ಕಾಗುತ್ತದೆಯೇ?" ಎಂದಿತು ನರಿ.

ಅಂದಿನಿಂದ ನರಿ ತಪ್ಪದೆ ಬರತೊಡಗಿತು. ಹೊಗಳಿತು, ತಿಂದಿತು, ಹೋಯಿತು. ಮೊದಮೊದಲು ಒಂದು ಮೀನು ಸಾಕಾಗುತ್ತಿತ್ತು. ಆಮೇಲೆ ಎರಡಾಯಿತು. ಒಂದು ದಿನ ಅದು ಚುರುಕನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿತು.

"ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹಿಡಿಯುವವನು ನೀನೊಬ್ಬ. ತಿನ್ನುವವರು ಒಂಬತ್ತು ಮಂದಿ. ಆ ಕುಂಟಿ ಮುದುಕಿಗೂ ನಿನ್ನಷ್ಟೇ ಪಾಲು! ಮೇಲಿನ ಮಡುವಿಗೆ ಹೋಗಿಬಿಡು. ಹಿಡಿದದ್ದೆಲ್ಲ ನಿನ್ನದೇ. ನಾನು ಬೇಕಾದರೆ ಜೊತೆಗಿರುತ್ತೇನೆ."

ಕುಂಟಿ ಮುದುಕಿ ಎಂದರೆ ಕೆಂಚತ್ತೆ. ಚುರುಕನ ಸೋದರತ್ತೆ. ಅವಳ ಒಂದು ಮುಂಗಾಲು ಸೊಟ್ಟಗಾಗಿತ್ತು. ಅವಳು ಯಾವಾಗಲೂ ಸಾಲಿನ ಕೊನೆಯ ತುದಿಯಲ್ಲಿ ಈಜುತ್ತಿದ್ದಳು.

ಮಾರನೆಯ ದಿನ ಹೊಳೆಯ ಸೆಳೆತ ಜೋರಾಗಿತ್ತು. ಕೆಂಚತ್ತೆಯ ಪಕ್ಕದಿಂದ ಮೀನಿನ ಹಿಂಡೊಂದು ನುಸುಳಿ ಪಾರಾಯಿತು. ಸಂದಿಯಲ್ಲಿ ಕಾಯುತ್ತಿದ್ದ ಚುರುಕನಿಗೆ ಏನೂ ಸಿಗಲಿಲ್ಲ. ಅವನು ಬಂಡೆ ಹತ್ತಿ ಕೂಗಾಡಿದ.

"ಅತ್ತೆ, ಎಲ್ಲ ನಿನ್ನಿಂದಲೇ ಹಾಳಾಯಿತು! ಕೈಲಾಗದಿದ್ದರೆ ದಡದಲ್ಲಿ ಬಿದ್ದುಕೊಂಡಿರಬಾರದೇ?"

ಕೆಂಚತ್ತೆ ತಲೆ ತಗ್ಗಿಸಿದಳು. ಚುರುಕನ ಚಿಕ್ಕಮ್ಮನ ಮಗಳು ಬೊಗಸೆಗೆ ಮಾತ್ರ ತಡೆಯಲಾಗಲಿಲ್ಲ.

"ಅಣ್ಣಾ, ಅತ್ತೆಗೆ ಹಾಗೆಲ್ಲ ಅನ್ನಬೇಡ. ನಿನಗೆ ಏನು ಗೊತ್ತು? ನಿನಗೆ ಮೀನು ಸಿಗುವುದೇ..."

"ಬೊಗಸೆ, ಬಾಯಿ ಮುಚ್ಚು!" ಎಂದು ಹೊನಲಮ್ಮ ಗದರಿದಳು.

ಬೊಗಸೆ ಮಾತು ನುಂಗಿಕೊಂಡಳು. ಚುರುಕನ ಸಿಟ್ಟು ಇಳಿಯಲಿಲ್ಲ. "ನಾನು ಮೇಲಿನ ಮಡುವಿಗೆ ಹೋಗುತ್ತೇನೆ. ನಾನಿಲ್ಲದೆ ನೀವು ಏನು ತಿನ್ನುತ್ತೀರೋ ನೋಡುತ್ತೇನೆ" ಎಂದು ಹೊರಟೇಬಿಟ್ಟ. ಹೊನಲಮ್ಮ ಅವನ ಹಿಂದೆ ಎರಡು ಹೆಜ್ಜೆ ಹೋದಳು. ಅವನು ತಿರುಗಿ ನೋಡಲಿಲ್ಲ.

ಮೇಲಿನ ಮಡು ಅಗಲವಾಗಿತ್ತು, ತಿಳಿಯಾಗಿತ್ತು. ಅಲ್ಲಿ ಮೀನುಗಳು ಬೇಕಾದಷ್ಟಿದ್ದವು. ಚುರುಕ ನೀರಿಗೆ ಜಿಗಿದ. ಮೀನುಗಳು ನಾಲ್ಕೂ ಕಡೆ ಚದುರಿದವು. ಬಲಕ್ಕೆ ಹೋದರೆ ಎಡಕ್ಕೆ ಜಾರಿದವು. ಎಡಕ್ಕೆ ಹೋದರೆ ಕಲ್ಲಿನಡಿ ಸೇರಿದವು. ಸಂಜೆಯವರೆಗೂ ಮುಳುಗಿ ಎದ್ದ ಅವನಿಗೆ ಸಿಕ್ಕಿದ್ದು ಒಂದು ಏಡಿ. ಅದೂ ಅವನ ಮೂಗು ಕಚ್ಚಿ ಹಿಡಿದಿದ್ದರಿಂದ ಸಿಕ್ಕಿತು.

"ಮೊದಲನೆಯ ದಿನ ಅಲ್ಲವೇ, ಹೊಸ ಜಾಗ" ಎಂದು ನರಿ ಸಮಾಧಾನ ಹೇಳಿತು.

ಎರಡನೆಯ ದಿನ ಏಡಿಯೂ ಸಿಗಲಿಲ್ಲ. ನರಿ ಮುಖ ಸಿಂಡರಿಸಿತು. ಮೂರನೆಯ ದಿನ ಬೆಳಿಗ್ಗೆ ಬೆರಳುದ್ದದ ಒಂದು ಮರಿಮೀನು ಸಿಕ್ಕಿತು. ಚುರುಕ ಅದನ್ನೇ ನರಿಯ ಮುಂದೆ ಇಟ್ಟ.

"ಇದನ್ನು ತಿನ್ನುವುದಕ್ಕೆ ನಾನು ಇಷ್ಟು ದೂರ ಬರಬೇಕೇ?" ಎಂದಿತು ನರಿ. "ಕೆಳಗಿನ ಸಂದಿಯಲ್ಲಿ ಈಗ ಬೊಗಸೆ ನಿಲ್ಲುತ್ತಿದ್ದಾಳಂತೆ. ಮೊಳದುದ್ದದ ಮೀನೇ ಹಿಡಿಯುತ್ತಿದ್ದಾಳಂತೆ. ನಾನು ಅಲ್ಲಿಗೇ ಹೊರಟೆ."

"ಮಾವ, ಹೊಳೆಯಲ್ಲೇ ನನ್ನಂಥವನಿಲ್ಲ ಅಂದೆಯಲ್ಲ?"

"ಅಂದೆ. ಆಗ ನಿನ್ನ ಹತ್ತಿರ ಮೀನಿತ್ತು" ಎಂದು ನರಿ ಪೊದೆಗಳ ನಡುವೆ ಮರೆಯಾಯಿತು.

ಚುರುಕ ಒಂದು ಕಲ್ಲಿನ ಮೇಲೆ ಮುದುಡಿ ಕೂತ. ಹೊಟ್ಟೆ ಬೆನ್ನಿಗೆ ಅಂಟಿಕೊಂಡಿತ್ತು. ಬೊಗಸೆಯಂಥ ಪುಟ್ಟ ಹುಡುಗಿಗೆ ಅಷ್ಟು ದೊಡ್ಡ ಮೀನು ಹೇಗೆ ಸಿಕ್ಕಿತು ಎಂದು ಯೋಚಿಸಿದ.

ಅಷ್ಟರಲ್ಲಿ ಒಣಗಿದ ಎಲೆಗಳ ಮೇಲೆ ಸದ್ದಾಯಿತು. ಕೆಂಚತ್ತೆ ಕುಂಟುತ್ತಾ ಬರುತ್ತಿದ್ದಳು. ಬಾಯಲ್ಲಿ ಒಂದು ಮೀನಿತ್ತು. ಬೆಳಗಿನ ಬೇಟೆ ಮುಗಿದ ಮೇಲೆ ತನ್ನ ಪಾಲನ್ನು ಕಚ್ಚಿಕೊಂಡು ಯಾರಿಗೂ ಹೇಳದೆ ಬಂದಿದ್ದಳು. ಅದನ್ನು ಅವನ ಮುಂದಿಟ್ಟು, "ಮೊದಲು ತಿನ್ನು" ಎಂದಳು.

ಚುರುಕ ಗಬಗಬನೆ ತಿಂದ. ತಿಂದು ಮುಗಿಸಿ ಅತ್ತೆಯ ಮುಖ ನೋಡಲಾಗದೆ ನೀರು ನೋಡುತ್ತಾ ಕೂತ.

"ಅತ್ತೆ, ಇಲ್ಲಿ ನನಗೆ ಒಂದು ಮೀನೂ ಸಿಗುತ್ತಿಲ್ಲ. ಏಕೆ?"

"ಹೇಳಿದರೆ ನಿನಗೆ ನೋವಾಗುತ್ತದೆ ಮಗ."

"ಹೇಳು."

ಕೆಂಚತ್ತೆ ಅವನ ಪಕ್ಕದಲ್ಲಿ ಕೂತಳು. "ಏಕೆಂದರೆ ನೀನು ಎಂದೂ ಒಬ್ಬನೇ ಮೀನು ಹಿಡಿದವನಲ್ಲ. ನಾವು ಎಂಟು ಮಂದಿ ಅಟ್ಟಿಕೊಂಡು ಬಂದು ನಿನ್ನ ಬಾಯಿಗೆ ತಲುಪಿಸುತ್ತಿದ್ದೆವು. ಆ ಸಂದಿಯಲ್ಲಿ ಯಾರು ನಿಂತರೂ ಸಿಗುತ್ತದೆ. ಈಗ ಬೊಗಸೆಗೆ ಸಿಗುತ್ತಿಲ್ಲವೇ?"

"ಸುಳ್ಳು!" ಚುರುಕ ಎದ್ದು ನಿಂತ. "ಮತ್ತೆ ಎಲ್ಲರೂ ದಿನವೂ ಭೇಷ್ ಅನ್ನುತ್ತಿದ್ದಿರಲ್ಲ? ನೀನೂ ಅಂದೆಯಲ್ಲ?"

"ಅಂದೆ. ನನ್ನ ತಪ್ಪೂ ಇದೆ" ಎಂದಳು ಕೆಂಚತ್ತೆ. "ನೀನು ಹುಟ್ಟಿದ ವರ್ಷ ಹೊಳೆಗೆ ಭಾರಿ ನೆರೆ ಬಂತು. ನಿನ್ನ ಜೊತೆ ಹುಟ್ಟಿದ ಮೂರು ಮರಿಗಳು ಕೊಚ್ಚಿಹೋದವು. ನೀನೊಬ್ಬ ಉಳಿದೆ. ಮೈಯಲ್ಲಿ ಶಕ್ತಿ ಇರಲಿಲ್ಲ. ನೀರು ಕಂಡರೆ ನಡುಗುತ್ತಿದ್ದೆ. ಆಗ ನಿನ್ನಮ್ಮ ನಮ್ಮನ್ನೆಲ್ಲ ಕೂರಿಸಿ, 'ಇವನಿಗೆ ಧೈರ್ಯ ಬರುವವರೆಗೆ ಮೀನುಗಳನ್ನು ಇವನ ಕಡೆಗೇ ಅಟ್ಟಿ' ಎಂದು ಕೇಳಿಕೊಂಡಳು. ನಾವು ಒಪ್ಪಿದೆವು. ನಿನಗೆ ಧೈರ್ಯ ಬಂತು. ಆದರೆ ನಿಲ್ಲಿಸೋಣ ಎಂದು ಹೇಳುವ ಧೈರ್ಯ ನಮಗೆ ಬರಲಿಲ್ಲ. ಮೊದಲು ಪ್ರೀತಿಗೆ ಭೇಷ್ ಅಂದೆವು. ಆಮೇಲೆ ಯಜಮಾನಿಯ ಮಗ ಎಂದು ಅಂದೆವು. ಕೊನೆಗೆ ಅದೇ ರೂಢಿಯಾಯಿತು."

ಚುರುಕನ ಕಣ್ಣಿಂದ ನೀರು ಇಳಿಯುತ್ತಿತ್ತು. ಎದುರಿಗೆ ಅತ್ತೆಯ ಸೊಟ್ಟ ಮುಂಗಾಲು ಕಾಣಿಸುತ್ತಿತ್ತು.

"ಅತ್ತೆ, ನಿನ್ನ ಕಾಲು ಹೀಗೆ ಆದದ್ದು ಹೇಗೆ?"

"ಹೋದ ಬೇಸಿಗೆಯಲ್ಲಿ. ಮೀನು ತಪ್ಪಿಸಿಕೊಳ್ಳದಂತೆ ತಡೆಯಲು ಹೋದಾಗ ಕಲ್ಲೊಂದು ಉರುಳಿ ಕಾಲ ಮೇಲೆ ಬಿತ್ತು."

"ನನಗೆ ಗೊತ್ತೇ ಇರಲಿಲ್ಲ."

"ನೀನು ಕೇಳಿದ್ದು ಇವತ್ತೇ ಮೊದಲು" ಎಂದಳು ಕೆಂಚತ್ತೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಚುರುಕನಿಗೆ ಇನ್ನೂ ಹೆಚ್ಚು ಅಳು ಬಂತು.

"ಹಾಗಾದರೆ ನಾನು ಏನೂ ಅಲ್ಲವೇ ಅತ್ತೆ?"

"ಯಾರು ಹಾಗೆಂದರು? ಬಂದ ಮೀನನ್ನು ಬಿಡದೆ ಹಿಡಿಯುವುದು ನಿನಗೆ ಚೆನ್ನಾಗಿ ಬರುತ್ತದೆ. ಅಟ್ಟುವುದು ಬರುವುದಿಲ್ಲ. ಬಾರದ್ದನ್ನು ಕಲಿಯಬಹುದು. ಏಳು, ನಿನ್ನಮ್ಮ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ."

ಇಬ್ಬರೂ ಕೆಳಗಿನ ಮಡುವಿನ ಕಡೆಗೆ ಹೊರಟರು.

ಇತ್ತ ನರಿ ಕೆಳಗಿನ ಮಡುವಿಗೆ ಬಂದಿತ್ತು. ಹೊಳೆಯ ನಡುವಿನ ಚಪ್ಪಟೆ ಬಂಡೆಯ ಮೇಲೆ ಆ ದಿನ ಹಿಡಿದ ಮೀನುಗಳ ರಾಶಿಯಿತ್ತು. ನರಿಯ ಬಾಯಲ್ಲಿ ನೀರೂರಿತು. ಅದು ಬೊಗಸೆಯನ್ನು ಹೊಗಳಿ ನೋಡಿತು.

"ನಮ್ಮ ಜೊತೆ ಸಾಲಿನಲ್ಲಿ ಈಜಿದರೆ ನಿನಗೂ ಪಾಲು ಉಂಟು ಮಾವ. ಇಳಿಯುತ್ತೀಯಾ?" ಎಂದಳು ಬೊಗಸೆ.

ಹೊಗಳಿಕೆ ಇಲ್ಲಿ ನಡೆಯುವುದಿಲ್ಲ ಎಂದು ನರಿಗೆ ತಿಳಿಯಿತು. ಅದು ಓಡಿಬಂದಂತೆ ಏದುಸಿರು ಬಿಡುತ್ತಾ ಹೊನಲಮ್ಮನ ಬಳಿ ಹೋಯಿತು.

"ಹೊನಲಮ್ಮನವರೇ, ನಿಮ್ಮ ಮಗ ಮೇಲಿನ ಮಡುವಿನ ಹತ್ತಿರ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ! ಬೇಗ ಹೋಗಿ, ಎಲ್ಲರೂ ಹೋಗಿ!"

ಮೀನಿನ ಕಡೆ ನೋಡದೆ ಹೊನಲಮ್ಮ ಓಡಿದಳು. ಉಳಿದವರೂ ಹಿಂದೆಯೇ ಓಡಿದರು.

ಅರ್ಧ ದಾರಿಯಲ್ಲಿ ಎದುರಿಗೆ ಕೆಂಚತ್ತೆಯ ಜೊತೆ ಚುರುಕ ಬರುತ್ತಿದ್ದ. ಹೊನಲಮ್ಮ ಅವನನ್ನು ತಬ್ಬಿಕೊಂಡು ಮೂಗು, ಕಿವಿ, ಬೆನ್ನು ಎಲ್ಲ ಮೂಸಿ ನೋಡಿದಳು. "ನೀನು ಚೆನ್ನಾಗಿದ್ದೀಯಲ್ಲ! ಪ್ರಜ್ಞೆ ತಪ್ಪಿದ್ದಾನೆ ಎಂದು ನರಿ ಹೇಳಿತು" ಎಂದಳು.

"ಅಯ್ಯೋ, ಮೀನು!" ಎಂದು ಬೊಗಸೆ ಕೂಗಿದಳು. ಎಲ್ಲರೂ ತಿರುಗಿ ಓಡಿದರು.

ನರಿ ಅಷ್ಟರಲ್ಲಿ ಕಲ್ಲಿಂದ ಕಲ್ಲಿಗೆ ಹಾರಿ ಚಪ್ಪಟೆ ಬಂಡೆ ಸೇರಿತ್ತು. ಹೊಟ್ಟೆ ಬಿರಿಯುವಷ್ಟು ತಿಂದಿತ್ತು. ಸಾಲದೆಂದು ದೊಡ್ಡದೊಂದು ಮೀನನ್ನು ಬಾಯಲ್ಲಿ ಕಚ್ಚಿಕೊಂಡಿತ್ತು. ನೀರುನಾಯಿಗಳ ಸದ್ದು ಕೇಳಿ ಬೆಚ್ಚಿ ಹಾರಿತು. ಹೊಟ್ಟೆ ಭಾರವಾಗಿತ್ತು, ಕಲ್ಲಿನ ಮೇಲೆ ಪಾಚಿಯಿತ್ತು. ಕಾಲು ಜಾರಿ ನರಿ ದೊಪ್ಪನೆ ನೀರಿಗೆ ಬಿತ್ತು. ಸೆಳೆತ ಅದನ್ನು ಎಳೆದುಕೊಂಡು ಹೋಯಿತು.

"ಕಾಪಾಡಿ! ಕಾಪಾಡಿ!" ಎಂದು ಅದು ಬಾಯಿ ತೆರೆಯಿತು. ಬಾಯಲ್ಲಿದ್ದ ಮೀನು ತೇಲಿ ಹೋಯಿತು.

"ಮುಳುಗಲಿ ಬಿಡಿ" ಎಂದಳು ಬೊಗಸೆ.

"ಬೇಡ. ನಮ್ಮ ಹೊಳೆಯಲ್ಲಿ ಯಾರೂ ಮುಳುಗಬಾರದು. ಸಾಲು ಕಟ್ಟಿ!" ಎಂದಳು ಹೊನಲಮ್ಮ. ಮೂರು ಮರಿಗಳನ್ನು ಹೊಳೆಗೆ ಕೊಟ್ಟವಳು ಅವಳು.

ಎಲ್ಲರೂ ನೀರಿಗೆ ಜಿಗಿದರು. ಚುರುಕ ರೂಢಿಯಂತೆ ಸಂದಿಯ ಕಡೆಗೆ ಹೊರಟ. ಸ್ವಲ್ಪ ದೂರ ಈಜಿದವನು ನಿಂತ.

"ಅತ್ತೆ, ಸಂದಿಯಲ್ಲಿ ನೀನು ನಿಲ್ಲು. ನಿನ್ನ ತುದಿಗೆ ನಾನು ಹೋಗುತ್ತೇನೆ."

ಸಾಲಿನ ತುದಿಯಲ್ಲಿ ಸೆಳೆತ ಎಲ್ಲಕ್ಕಿಂತ ಜೋರಾಗಿತ್ತು. ನೀರು ಚುರುಕನನ್ನು ಕಲ್ಲುಗಳಿಗೆ ಅಪ್ಪಳಿಸಿತು. ಪಕ್ಕೆ ತರಚಿತು, ಉಸಿರು ಕಟ್ಟಿತು. ಒಂದು ಮುಂಗಾಲಿನಲ್ಲಿ ಅತ್ತೆ ಇಲ್ಲಿ ದಿನವೂ ಹೇಗೆ ಈಜುತ್ತಿದ್ದಳೋ ಎಂದು ಅವನು ಬೆರಗಾದ. ಜಾಗ ಮಾತ್ರ ಬಿಡಲಿಲ್ಲ. ನರಿಯನ್ನು ನೂಕುತ್ತಾ, ತಳ್ಳುತ್ತಾ ಅವರೆಲ್ಲ ಸಂದಿಯವರೆಗೆ ತಂದರು. ಅಲ್ಲಿ ಕೆಂಚತ್ತೆ ಅದರ ಕಿವಿ ಕಚ್ಚಿ ದಡಕ್ಕೆ ಎಳೆದು ಹಾಕಿದಳು.

ತೊಯ್ದು ತೊಪ್ಪೆಯಾದ ನರಿ ನಡುಗುತ್ತಾ, "ಭೇಷ್ ಕೆಂಚಮ್ಮ! ನಿಮ್ಮಂಥ ಬೇಟೆಗಾರ್ತಿ..." ಎಂದು ಶುರು ಮಾಡಿತು.

"ಹೊಗಳಿದ್ದು ಸಾಕು, ನಡಿ" ಎಂದಳು ಕೆಂಚತ್ತೆ.

ಎಲ್ಲರೂ ಗೊಳ್ಳೆಂದು ನಕ್ಕರು. ಹರಿದ ಕಿವಿಯನ್ನು ಇಳಿಬಿಟ್ಟುಕೊಂಡು ನರಿ ಕಾಡು ಸೇರಿತು. ಮತ್ತೆ ಆ ದಡದ ಕಡೆ ಮುಖ ಹಾಕಲಿಲ್ಲ.

ನಗು ನಿಂತ ಮೇಲೆ ಚುರುಕ ತಾಯಿಯ ಮುಂದೆ ಬಂದು ನಿಂತ.

"ಅಮ್ಮಾ, ಅತ್ತೆ ನನಗೆ ಎಲ್ಲ ಹೇಳಿದಳು."

ಹೊನಲಮ್ಮನ ಮುಖ ಬಾಡಿತು. "ನಿಜ ಗೊತ್ತಾದರೆ ನೀನು ಕುಗ್ಗಿಹೋಗುತ್ತೀಯೆಂದು ಹೆದರಿದೆ ಮಗ. ನಿನ್ನನ್ನು ಉಳಿಸಿಕೊಳ್ಳಲು ಹೋಗಿ ನಿನ್ನನ್ನು ಬೆಳೆಯಲು ಬಿಡಲಿಲ್ಲ."

"ಇವತ್ತು ಕುಗ್ಗಿದೆ ಅಮ್ಮಾ. ಆದರೆ ಇಲ್ಲೇ ಇದ್ದೇನಲ್ಲ" ಎಂದ ಚುರುಕ. ಆಮೇಲೆ ಕೆಂಚತ್ತೆಯ ಹತ್ತಿರ ಹೋದ. ಅವಳ ಸೊಟ್ಟ ಕಾಲಿನ ಮೇಲೆ ತಲೆಯಿಟ್ಟು, "ಅಂದು ಆಡಿದ ಮಾತು ಮರೆತುಬಿಡು ಅತ್ತೆ" ಎಂದ.

"ಮರೆಯುವುದಿಲ್ಲ. ಆದರೆ ಕ್ಷಮಿಸಿದ್ದೇನೆ" ಎಂದು ಅವಳು ಅವನ ತಲೆ ನೆಕ್ಕಿದಳು.

ಮರುದಿನದಿಂದ ಚುರುಕ ಸಾಲಿನ ತುದಿಯಲ್ಲಿ ಈಜಿದ. ಮೊದಲ ವಾರ ಅವನ ಪಕ್ಕದಿಂದಲೇ ಎಷ್ಟೋ ಮೀನು ಪಾರಾದವು. ಯಾರೂ ಭೇಷ್ ಎನ್ನಲಿಲ್ಲ. "ಅಣ್ಣಾ, ಬಾಲ ಬಡಿ! ಕೆಳಗೆ ನೋಡು!" ಎಂದು ಬೊಗಸೆ ಬೈಯುತ್ತಿದ್ದಳು. ಅವನಿಗೆ ಅವಮಾನವಾಗುತ್ತಿತ್ತು. ಒಂದೆರಡು ಸಲ ಎಲ್ಲ ಬಿಟ್ಟು ಹೋಗಿಬಿಡೋಣ ಎಂದೂ ಅನ್ನಿಸಿತು. ಹೋಗಲಿಲ್ಲ. ದಿನ ಕಳೆದಂತೆ ಸೆಳೆತದಲ್ಲಿ ನಿಲ್ಲುವುದು, ಕಲ್ಲಿನಡಿಯ ಮೀನನ್ನು ಎಬ್ಬಿಸುವುದು ಅವನಿಗೆ ಕರಗತವಾಯಿತು. ಸಂದಿಯಲ್ಲಿ ಈಗ ಒಬ್ಬೊಬ್ಬರು ಒಂದೊಂದು ದಿನ ನಿಲ್ಲುತ್ತಿದ್ದರು.

ಮಳೆಗಾಲ ಕಳೆಯಿತು. ಒಂದು ದಿನ ಆ ಹೊಳೆಗೆ ಹೊಸದಾಗಿ ಒಂದು ಕೊಕ್ಕರೆ ಬಂತು. ಸಂದಿಯಲ್ಲಿ ಅಂದು ಚುರುಕನ ಸರದಿ. ಅವನು ಎಂದೂ ಕಾಣದಷ್ಟು ದೊಡ್ಡ ಗೆಂಡೆಮೀನನ್ನು ಎಳೆದು ಬಂಡೆಯ ಮೇಲೆ ಹಾಕಿದ.

ಕೊಕ್ಕರೆ ಕಣ್ಣರಳಿಸಿತು. "ಅಬ್ಬಾ! ಇಷ್ಟು ದೊಡ್ಡ ಮೀನು ಹಿಡಿದವರು ಯಾರಪ್ಪಾ?"

ಚುರುಕ ಮೈಯ ನೀರು ಕೊಡವಿ ಹೇಳತೊಡಗಿದ. "ಕೆಂಚತ್ತೆ. ಆಮೇಲೆ ನನ್ನಮ್ಮ. ಆಮೇಲೆ ಬೊಗಸೆ, ಅವಳಮ್ಮ..." ಹೀಗೆ ಅಟ್ಟಿದ ಎಂಟೂ ಮಂದಿಯ ಹೆಸರು ಹೇಳಿ, ಕೊನೆಗೆ ತನ್ನದನ್ನು ಸೇರಿಸಿದ.

"ನಾನು ಕೇಳಿದ್ದು ಒಂದು ಮೀನಿನ ವಿಷಯ!" ಎಂದಿತು ಕೊಕ್ಕರೆ.

"ನಾನು ಹೇಳಿದ್ದೂ ಅದರದ್ದೇ" ಎಂದ ಚುರುಕ.

ಸಾಲಿನಲ್ಲಿದ್ದ ಹೊನಲಮ್ಮ ಆ ಮಾತು ಕೇಳಿದಳು. ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣದಿರಲಿ ಎಂದು ನೀರಿನೊಳಗೆ ಒಂದು ಮುಳುಗು ಹಾಕಿದಳು.

ನೀತಿ: ನಮ್ಮ ಗೆಲುವಿನ ಹಿಂದೆ ಹಲವರ ದುಡಿಮೆ ಇರುತ್ತದೆ. ಆ ನಿಜವನ್ನು ಕೇಳಿದಾಗ ಮನಸ್ಸಿಗೆ ನೋವಾದರೂ, ಅದನ್ನು ಒಪ್ಪಿಕೊಂಡವನೇ ನಿಜವಾಗಿ ಬೆಳೆಯುತ್ತಾನೆ.