ಸರೋವರದ ಬೆನ್ನ ಮೇಲೆ ಪಂಚಾಯಿತಿ

ಭೂಮಿ ಆಗಿನ್ನೂ ಹೊಸತು. ಬೆಟ್ಟಗಳು ಎಲ್ಲಿ ಕೂರುವುದೆಂದು ಜಾಗ ಹುಡುಕುತ್ತಿದ್ದವು, ಮರಗಳಿಗೆ ತಮ್ಮ ಹೆಸರೇ ಸರಿಯಾಗಿ ಬಾಯಿಗೆ ಬಂದಿರಲಿಲ್ಲ. ಆ ಕಾಲದಲ್ಲಿ ಸರೋವರಗಳು ಚಳಿಗಾಲದಲ್ಲಿ ಪಿಟ್ಟೆನ್ನುತ್ತಿರಲಿಲ್ಲ. ಈಗ ಗುಡುಗುತ್ತವೆ. ಯಾಕೆ ಅಂತ ಹೇಳುತ್ತೇನೆ ಕೇಳು ಮಗು. ಈ ಕಥೆ ಹೇಳುವಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಬಂದರೆ ಬರಲಿ. ಸಿಟ್ಟು ಬರಬೇಕಾದ ಕಥೆಯೇ ಇದು.

ಬಹಳ ದೂರ, ಹಿಮ ಬೀಳುವ ಬಡಗಣ ನಾಡಿನಲ್ಲಿ, ಸೇಂತ್ ಮಲ್ವೀನ್ ಅಂತ ಒಂದು ಸಣ್ಣ ಊರು. ಒಂದಷ್ಟು ಮನೆ, ಒಂದು ಗಂಟೆಗೋಪುರ. ಉಳಿದದ್ದೆಲ್ಲ ಕಾಡು, ಕಾಡಿನ ನಡುವೆ ಸರೋವರ, ಸರೋವರದಾಚೆ ಮತ್ತೆ ಕಾಡು. ಅಲ್ಲಿಯ ಜನ ಆಡುವುದು ಫ್ರೆಂಚ್ ಮಾತು. ಕಾಡುಕಾಗೆ ಬೈಯುವುದೂ ಫ್ರೆಂಚಿನಲ್ಲೇ. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಬೈಗುಳದ ಖಾರ ಸ್ವಲ್ಪ ಕಡಿಮೆಯಾದರೆ ಹೊಂದಿಸಿಕೋ.

ಊರ ಮುಂದಿನ ಸರೋವರ ದೊಡ್ಡವಳು, ದೊಡ್ಡ ಮನಸ್ಸಿನವಳು. ಬೇಸಗೆಯಲ್ಲಿ ಕೇಳಿದವರಿಗೆಲ್ಲ ಮೀನು ಕೊಡುತ್ತಿದ್ದಳು. ಚಳಿಗಾಲ ಬಂತೆಂದರೆ ಮೈಯೆಲ್ಲ ಹೆಪ್ಪುಗಟ್ಟಿಸಿಕೊಂಡು ಬೆನ್ನನ್ನು ಅಂಗಳದ ಹಾಗೆ ಹಾಸಿಬಿಡುತ್ತಿದ್ದಳು. ಆಚೆ ದಡದಿಂದ ಸೌದೆ ತರುವವರು ಜಾರುಬಂಡಿ ಎಳೆದುಕೊಂಡು ಅವಳ ಮೇಲೇ ಹೋಗಿ ಬರುತ್ತಿದ್ದರು. ಎಷ್ಟು ಭಾರ ಬಿದ್ದರೂ ಅವಳದು ಸದ್ದಿಲ್ಲ. ಸದ್ದು ಮಾಡಿದರೆ ಮೇಲೆ ನಡೆಯುವ ಮಕ್ಕಳು ಹೆದರುತ್ತಾರೆಂದು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು, ಪುಟ್ಟ ತೊರೆ. ಸರೋವರದ ಮೂಲೆಯಿಂದ ಹೊರಟು, ಕಲ್ಲು ಹಾರಿ, ಮರದ ಬೇರು ಬಳಸಿ, ಕೆಳಗಿನ ಕಣಿವೆಯಲ್ಲಿದ್ದ ಚಿಕ್ಕ ಸರೋವರಕ್ಕೆ ಓಡುತ್ತಿದ್ದಳು. ಆ ಚಿಕ್ಕ ಸರೋವರ ಅವಳಿಗೆ ಚಿಕ್ಕಮ್ಮ. ಇಲ್ಲಿಯ ಸುದ್ದಿ ಅಲ್ಲಿಗೆ ಮುಟ್ಟಿಸುವುದು ಇವಳ ಕೆಲಸ. ತಾಯಿ ಹೆಪ್ಪುಗಟ್ಟಿದರೂ ಮಗಳು ಹೆಪ್ಪುಗಟ್ಟುತ್ತಿರಲಿಲ್ಲ, ಚಳಿಗಾಲವೆಲ್ಲ ಹಾಡಿಕೊಂಡು ಹರಿಯುತ್ತಿದ್ದಳು. ಮೇಲೆ ಮುಚ್ಚಳ ಬಿದ್ದ ತಾಯಿಗೆ ಕತ್ತಲಲ್ಲಿ ಕೇಳುತ್ತಿದ್ದದ್ದು ಆ ಹಾಡೊಂದೇ.

ಆ ಊರಿನಲ್ಲಿ ವರ್ಷಕ್ಕೊಮ್ಮೆ ಪಂಚಾಯಿತಿ ಸೇರುತ್ತಿತ್ತು. ಮನುಷ್ಯರು, ಪ್ರಾಣಿಗಳು, ಗಾಳಿ, ಎಲ್ಲರೂ. ಎಲ್ಲಿ ಸೇರುವುದು ಅನ್ನುವುದೇ ಕಷ್ಟ. ಮೊಲ ನರಿಯ ಪೊದೆಗೆ ಬಾರದು. ಮೂಸ್, ಅಂದರೆ ಕುದುರೆಗಿಂತ ಎತ್ತರದ ಕೊಂಬಿನ ಪ್ರಾಣಿ, ಮನುಷ್ಯರ ಅಂಗಳಕ್ಕೆ ಕಾಲಿಡದು. ಮನುಷ್ಯರೋ ಬೀವರನ ಕೆಸರು ಮನೆಗೆ ಹೋಗರು. ಬೀವರ್ ಯಾರು ಅಂತೀಯಾ? ಚಪ್ಪಟೆ ಬಾಲದವನು, ಹಲ್ಲಿನಲ್ಲೇ ಮರ ಕಡಿದು ನೀರಿಗೆ ಒಡ್ಡು ಕಟ್ಟುವವನು. ಅವನೇ ಆ ಪಂಚಾಯಿತಿಯ ಯಜಮಾನ.

ಕೊನೆಗೆ ಒಂದು ಉಪಾಯ ಹೂಡಿದರು. ಚಳಿಗಾಲದಲ್ಲಿ ಸರೋವರದ ನಟ್ಟನಡುವೆ, ಮಂಜುಗಡ್ಡೆಯ ಮೇಲೆ ಕೂರೋಣ, ಅದು ಯಾರ ಜಾಗವೂ ಅಲ್ಲ, ಹಾಗಾಗಿ ಯಾರಿಗೂ ತಕರಾರಿಲ್ಲ ಅಂದರು. ಒಪ್ಪಿಗೆಯಿದ್ದವರು ಗಡ್ಡೆಯ ಮೇಲೆ ಒಂದು ಸಲ ಕಾಲು ಬಡಿಯಬೇಕು, ಅದೇ ಕ್ರಮ. ಯಾರ ಜಾಗವೂ ಅಲ್ಲವಂತೆ! ಕೂತದ್ದು ಯಾರ ಬೆನ್ನ ಮೇಲೆ, ಬಡಿದದ್ದು ಯಾರ ಬೆನ್ನಿಗೆ, ಸ್ವಲ್ಪವಾದರೂ ಯೋಚನೆ ಬೇಡವೇ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಒಂದು ಚಳಿಗಾಲ ಒರ್ಮಿದಾಸ್ ಎಂಬವನು ಪಂಚಾಯಿತಿಯಲ್ಲಿ ಎದ್ದು ನಿಂತ. ಊರಿನ ಗೋಧಿಯೆಲ್ಲ ಬೀಸುತ್ತಿದ್ದವನು ಅವನೇ. ಕೈಯಲ್ಲಿ ಬೀಸಿ ಬೀಸಿ ರಟ್ಟೆ ಬಿದ್ದುಹೋಗಿದೆ, ನನಗೊಂದು ನೀರಿನ ಗಿರಣಿ ಬೇಕು ಅಂದ. ತೊರೆಯ ಬಾಯಿಗೆ ಒಡ್ಡು ಕಟ್ಟಿ ನೀರನ್ನೆಲ್ಲ ತನ್ನ ಕಡೆ ತಿರುಗಿಸಿಕೊಟ್ಟರೆ ಊರಿಗೆಲ್ಲ ಮೆತ್ತನೆಯ ಹಿಟ್ಟು ಅಂತ ಆಸೆ ತೋರಿಸಿದ. ಒಡ್ಡು ಅಂದದ್ದೇ ತಡ, ಬೀವರನ ಬಾಲ ಕುಣಿಯಿತು. ನಾನು ಕಟ್ಟುತ್ತೇನೆ, ಹಿಂದೆ ನಿಲ್ಲುವ ನೀರಲ್ಲಿ ನನ್ನ ಮಕ್ಕಳು ಈಜಲಿ ಅಂದ. ನೀರು ನಿಂತರೆ ತಾವರೆ ಬೆಳೆಯುತ್ತದೆ, ತಿನ್ನಬಹುದು ಅಂದಿತು ಮೂಸ್. ಕಪ್ಪೆ ಸಿಗುತ್ತದೆ ಅಂದಿತು ನರಿ. ಒಬ್ಬೊಬ್ಬರಿಗೂ ಒಂದೊಂದು ತುತ್ತು ಕಂಡಿತು. ತೊರೆ ಸತ್ತುಹೋಗುತ್ತದಲ್ಲ ಅನ್ನುವುದು ಯಾರ ಕಣ್ಣಿಗೂ ಕಾಣಲಿಲ್ಲ.

ಮೊಲ ಮಾತ್ರ ಮೆಲ್ಲಗೆ, ಸರೋವರವನ್ನು ಒಂದು ಮಾತು ಕೇಳಬೇಡವೇ ಅಂದಿತು. ಬೀವರ್ ನಕ್ಕುಬಿಟ್ಟ.

"ಇಷ್ಟು ವರ್ಷ ಅವಳು ಏನಾದರೂ ಅಂದಿದ್ದುಂಟೇ? ಮೌನವೇ ಸಮ್ಮತಿ. ಹ್ಞೂಂ, ಕಾಲು ಬಡಿಯಿರಿ."

ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ ನೋಡು. ಜಂತೆ ಎಣಿಸಿದ್ದಷ್ಟೇ ಅಲ್ಲ, ಮನೆಯ ಮಗಳನ್ನೇ ಹಂಚಿಕೊಂಡರು. ಮೂಸ್ ಬಡಿಯಿತು, ನರಿ ಬಡಿಯಿತು, ಒರ್ಮಿದಾಸ್ ಬೂಟುಗಾಲಲ್ಲಿ ಬಡಿದ. ಮುಖ ಮುಖ ನೋಡಿ ಮೊಲವೂ ಬಡಿಯಿತು. ಜೆಫಿರೀನ್ ಎಂಬ ಮುದುಕಿಯೂ ಬಡಿದಳು. ಇವಳು ಗಡ್ಡೆಗೆ ತೂತು ಕೊರೆದು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮೀನು ಹಿಡಿಯುತ್ತಿದ್ದವಳು. ಹಿಮದಲ್ಲಿ ದಾರಿ ತಪ್ಪದಿರಲೆಂದು ಪ್ರತಿ ವರ್ಷ ಈ ದಡದಿಂದ ಆ ದಡಕ್ಕೆ ಸೂಜಿಯಂಥ ಎಲೆಯ ಚಿಕ್ಕ ಚಿಕ್ಕ ಫರ್ ಗಿಡ ಕಡಿದು ಗಡ್ಡೆಯಲ್ಲಿ ಸಾಲಾಗಿ ನೆಡುತ್ತಿದ್ದವಳೂ ಅವಳೇ. ಸರೋವರದ ಉಪ್ಪು ತಿಂದವರಲ್ಲಿ ಮೊದಲನೆಯವಳು. ಆದರೂ ಮೆತ್ತನೆಯ ರೊಟ್ಟಿಯ ಆಸೆಗೆ ಕಾಲು ಬಡಿದಳು, ಏನು ಹೇಳೋಣ.

ಕೆಳಗೆ ಕತ್ತಲಲ್ಲಿ ಸರೋವರ ಎಲ್ಲವನ್ನೂ ಕೇಳಿಸಿಕೊಂಡಳು. ಒಂದೊಂದು ಕಾಲೂ ಅವಳ ಬೆನ್ನಿಗೆ ಬಿತ್ತು. ಪಕ್ಕದಲ್ಲಿ ಮಗಳು ಏನೂ ತಿಳಿಯದೆ ಹಾಡಿಕೊಂಡು ಹರಿಯುತ್ತಿದ್ದಳು. ಅಷ್ಟು ವರ್ಷ ನುಂಗಿಕೊಂಡದ್ದೆಲ್ಲ ಸರೋವರದ ಗಂಟಲಿಗೆ ಬಂತು.

ಅವಳು ಬಾಯಿಬಿಟ್ಟಳು.

ಮೊದಲು ಆಚೆ ದಡದಲ್ಲಿ ಗುಡುಗಿದ ಹಾಗಾಯಿತು. ಆಕಾಶ ನೋಡಿದರೆ ಒಂದು ಮೋಡವಿಲ್ಲ. ಆ ಗುಡುಗು ಗಡ್ಡೆಯ ಕೆಳಗೇ ಉರುಳಿಕೊಂಡು ಬಂದು, ಎಲ್ಲರ ಕಾಲಡಿ ಹಾದು, ಊರ ದಡಕ್ಕೆ ಅಪ್ಪಳಿಸಿತು. ಅದರ ಹಿಂದೆಯೇ ದಡದಿಂದ ದಡಕ್ಕೆ ಚರ್ರೆಂದು ಬಿಳಿಯ ಬಿರುಕು ಓಡಿತು. ಬಿರುಕು ಸರಿಯಾಗಿ ಪಂಚಾಯಿತಿಯ ನಡುವೆ ಹಾದುಹೋಯಿತು. ಯಾರನ್ನೂ ಮುಳುಗಿಸಲಿಲ್ಲ, ನೋಡು. ಆ ಸಿಟ್ಟಿನಲ್ಲೂ ಯಾರನ್ನೂ ಮುಳುಗಿಸಲಿಲ್ಲ ಅವಳು.

ಯಜಮಾನ ಬೀವರನೇ ಎಲ್ಲರಿಗಿಂತ ಮೊದಲು ಓಡಿದ. ಉಳಿದವರು ಎದ್ದೆನೋ ಬಿದ್ದೆನೋ ಅಂತ ಅವನ ಹಿಂದೆ. ಜೆಫಿರೀನ್ ಮಾತ್ರ ಓಡಲಿಲ್ಲ. ಮಂಡಿನೋವಿನ ಮುದುಕಿ, ಓಡುವುದೆಲ್ಲಿಂದ ಬಂತು? ಮೆಲ್ಲಗೆ ಮಂಡಿಯೂರಿ, ಟೋಪಿ ತೆಗೆದು, ಗಡ್ಡೆಗೆ ಕಿವಿಯಿಟ್ಟು ಮಲಗಿದಳು. ಅಷ್ಟು ವರ್ಷ ಅದರ ಮೇಲೆ ಕೂತಿದ್ದರೂ ಕಿವಿಯಿಟ್ಟದ್ದು ಅದೇ ಮೊದಲು. ಕೆಳಗೆ ಪುಟ್ಟ ತೊರೆಯ ಹಾಡು ಕೇಳಿಸಿತು. ಆ ಹಾಡಿನ ಹಿಂದೆ ತಾಯಿ ಬಿಕ್ಕುವುದೂ ಕೇಳಿಸಿತು.

"ನನ್ನ ಬೆನ್ನ ಮೇಲೆ ಕೂತು ನನ್ನ ಮಗಳನ್ನು ಹಂಚಿಕೊಂಡಿರಾ?" ಅಂದಳು ಸರೋವರ. "ಇದು ಯಾರ ಜಾಗವೂ ಅಲ್ಲ ಅಂದಿರಾ? ಹಾಗಾದರೆ ನಾನು ಯಾರು?"

ಮುದುಕಿಗೆ ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ. ಬೀವರನ ಮೇಲೆ, ಒರ್ಮಿದಾಸನ ಮೇಲೆ ತಪ್ಪು ಹೊರಿಸಬಹುದಿತ್ತು, ಹೊರಿಸಲಿಲ್ಲ.

"ನಾನೂ ಬಡಿದೆ ತಾಯಿ. ಬಡಿದ ಕಾಲನ್ನು ವಾಪಸ್ ತಗೊಳ್ತೀನಿ" ಅಂದು, ಕಾಲು ಬಡಿದ ಜಾಗವನ್ನು ಅಂಗೈಯಲ್ಲಿ ಸವರಿದಳು, ಪೆಟ್ಟಾದ ಮಗುವಿನ ಬೆನ್ನು ಸವರುವ ಹಾಗೆ.

ದಡದಲ್ಲಿ ನಡುಗುತ್ತ ನಿಂತವರು ಅದನ್ನು ನೋಡಿದರು. ಮೊದಲು ಮೊಲ ಬಂದು ತಾನು ಬಡಿದ ಜಾಗ ಸವರಿತು. ನರಿ ಬಂತು, ಮೂಸ್ ಬಂತು. ಒರ್ಮಿದಾಸ್ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಕುಂಟಿಕೊಂಡು ಬಂದ. ಬೀವರ್ ಮಾತ್ರ ಕೊನೆಯವರೆಗೂ ಗೊಣಗುತ್ತಿದ್ದ, ಯಜಮಾನನಿಗೆ ಮರ್ಯಾದೆ ಇಲ್ಲವೇ ಅಂತ. ಕೊನೆಗೆ ಅವನೂ ಬಾಲ ಎಳೆದುಕೊಂಡು ಬಂದು ಸವರಿದ. ಒಡ್ಡಿನ ಮಾತು ಅಲ್ಲಿಗೇ ಮುಗಿಯಿತು. ಒರ್ಮಿದಾಸ್ ಗಾಳಿಯನ್ನು ಕೇಳಿಕೊಂಡ, ಗಾಳಿ ಒಪ್ಪಿತು, ಅವನ ಗಿರಣಿಗೆ ರೆಕ್ಕೆ ಬಂತು. ಮೊದಲೇ ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಇನ್ನು ಗುಡುಗುವುದಿಲ್ಲ ತಾನೇ, ಕ್ಷಮಿಸಿದೆಯಲ್ಲ, ಅಂತ ಜೆಫಿರೀನ್ ಕೇಳಿದಳು.

"ಕ್ಷಮಿಸಿದೆ" ಅಂದಳು ಸರೋವರ. "ಆದರೆ ಸುಮ್ಮನಿದ್ದರೆ ನೀವು ನನ್ನನ್ನು ಮರೆಯುತ್ತೀರಿ. ಇನ್ನು ಮೇಲೆ ಪ್ರತಿ ಚಳಿಗಾಲವೂ ಹೇಳುತ್ತೇನೆ."

ಜೆಫಿರೀನ್ ಅದೇ ದಿನ ಫರ್ ಗಿಡಗಳ ಸಾಲನ್ನು ಕಿತ್ತು ಮತ್ತೆ ನೆಟ್ಟಳು. ಮೊದಲು ನೇರವಾಗಿದ್ದ ದಾರಿಯನ್ನು ತೊರೆಯ ಬಾಯಿಯಿಂದ ದೂರಕ್ಕೆ ಬಳಸಿ ಒಯ್ದಳು, ತಾಯಿ ಮಗಳ ನಡುವೆ ಯಾರ ಹೆಜ್ಜೆಯೂ ಬೀಳದ ಹಾಗೆ.

ಅದಕ್ಕೇ ಮಗು, ಇವತ್ತಿಗೂ ಆ ನಾಡಿನಲ್ಲಿ ಮೋಡವಿಲ್ಲದ ಚಳಿ ದಿನ ಹೆಪ್ಪುಗಟ್ಟಿದ ಸರೋವರ ಒಮ್ಮೆಲೇ ಗುಡುಗುತ್ತದೆ, ಬೆನ್ನ ಮೇಲೆ ಬಿಳಿ ಬಿರುಕು ಓಡುತ್ತದೆ, ತೊರೆಯ ಬಾಯಿ ಮಾತ್ರ ಹೆಪ್ಪುಗಟ್ಟದೆ ಹಾಡುತ್ತಿರುತ್ತದೆ, ಫರ್ ಗಿಡಗಳ ದಾರಿ ಅದನ್ನು ಬಳಸಿಕೊಂಡು ಹೋಗುತ್ತದೆ. ಆ ಗುಡುಗು ಕೇಳಿದೊಡನೆ ಸೇಂತ್ ಮಲ್ವೀನಿನ ಮಕ್ಕಳು ಆಡುತ್ತಿದ್ದ ಆಟ ನಿಲ್ಲಿಸಿ, ಟೋಪಿ ತೆಗೆದು, ದಡದಲ್ಲೇ ನಿಂತು, "ನಿನ್ನ ಮೇಲೆ ಬರಲೇ?" ಅಂತ ಮೊದಲು ಅವಳನ್ನು ಕೇಳುತ್ತಾರೆ.