ಬೆನ್ನುಗಲ್ಲು

ಅಘನಾಶಿನಿ ನದಿ ಕಡಲು ಸೇರುವ ಮುನ್ನ ಬಳಸಿ ಹರಿಯುವ ಮೂಡುಕುರ್ವೆಯೆಂಬ ಪುಟ್ಟ ನಡುಗಡ್ಡೆಯ ನೀರಂಚಿನಲ್ಲಿ ಆಳೆತ್ತರದ ಕರಿಗಲ್ಲೊಂದು ನಿಂತಿದೆ. ಅದಕ್ಕೆ ಬೆನ್ನುಗಲ್ಲು ಎಂದು ಹೆಸರು. ದೇವರ ಕಲ್ಲೆಂದು ಕೈಮುಗಿಯುವ ಪರವೂರಿನವರನ್ನು ಕಂಡು ಊರವರು ನಗುತ್ತಾರೆ. ಅದು ದೇವರದ್ದಲ್ಲ, ಒಬ್ಬ ಮುದುಕಿಯದು.

ಹಿಂದೆ ಒಮ್ಮೆ ಇಲ್ಲಿದ್ದುದು ಹನ್ನೊಂದೇ ಮನೆ. ಎಲ್ಲರಿಗೂ ಸೇರಿ ಒಂದು ಒಡ್ಡು, ಒಂದು ಬಲೆ. ಒಡ್ಡಿನೊಳಗೆ ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ, ಹೊರಗೆ ಮೀನು. ಕೊಳ್ಳುವ ಮಾತಿಲ್ಲ, ಮಾರುವ ಮಾತಿಲ್ಲ. ಬಲೆಗೆ ಬಿದ್ದುದನ್ನು ಮರಳದಿಬ್ಬದ ಮೇಲೆ ಸುರಿದು ಮನೆಗೊಂದರಂತೆ ಗುಪ್ಪೆ ಹಾಕುತ್ತಿದ್ದರು. ಒಬ್ಬರು ಗುಪ್ಪೆಗಳಿಗೆ ಬೆನ್ನು ಮಾಡಿ ಈ ಕಲ್ಲಿಗೆ ಮುಖವಿಟ್ಟು ನಿಲ್ಲುವುದು, ಇನ್ನೊಬ್ಬರು ಒಂದೊಂದೇ ಗುಪ್ಪೆ ಮುಟ್ಟಿ ‘ಇದು ಯಾರಿಗೆ?’ ಎನ್ನುವುದು, ನಿಂತವರು ಬಾಯಿಗೆ ಬಂದ ಮನೆಯ ಹೆಸರು ಹೇಳುವುದು. ದೊಡ್ಡದು ಚಿಕ್ಕದೆಂಬ ಜಗಳಕ್ಕೆ ಎಡೆಯೇ ಇರಲಿಲ್ಲ. ಹೆಸರು ಕೂಗುತ್ತಿದ್ದವಳು ಹೊಸಬಿ ಎಂಬಾಕೆ. ಗಂಡನನ್ನೂ ಮಗನನ್ನೂ ನದಿಗೆ ಕೊಟ್ಟು, ಮೊಮ್ಮಗಳೊಬ್ಬಳನ್ನು ಸಾಕುತ್ತಿದ್ದ ಮುದುಕಿ.

ಒಂದು ವರ್ಷ ಒಡ್ಡು ಒಡೆದು, ತೆನೆಗೆ ಬಂದ ಕಗ್ಗ ಹದಿನೈದು ದಿನ ನೀರಿನಡಿ ಕೊಳೆಯಿತು. ಉಳಿದದ್ದು ಮೀನು, ಅದೂ ಬೊಗಸೆಯಷ್ಟು. ಹೊಟ್ಟೆಗಿಲ್ಲದ ಊರಲ್ಲಿ ನ್ಯಾಯವೂ ಬಡಕಲಾಗುತ್ತದೆ. ಬಲೆಯ ಮುಂದಾಳು ಜಟ್ಟು ಕೆಟ್ಟವನೇನಲ್ಲ, ಮನೆಯಲ್ಲಿ ಹಸಿ ಬಾಣಂತಿಯಿದ್ದಳು. ಬಲೆಗೆ ಕೈಹಾಕಿದ ಏಳು ಮನೆಗಷ್ಟೇ ಪಾಲು ಎಂದುಬಿಟ್ಟ. ಯಾರೂ ಎದುರಾಡಲಿಲ್ಲ. ಏಳೇ ಗುಪ್ಪೆ ಬಿದ್ದವು. ಹೊಸಬಿಗೆ ಏಳು ಹೆಸರು ಹೇಳಿಕೊಟ್ಟರು, ತನ್ನ ಮನೆಯದು ಅವುಗಳಲ್ಲಿರಲಿಲ್ಲ. ಎರಡು ದಿನದಿಂದ ಮೊಮ್ಮಗಳಿಗೆ ಗಂಜಿತಿಳಿಯೇ ಗತಿಯಾಗಿತ್ತು. ಆದರೂ ಮುದುಕಿ ಹೋಗಿ ಕಲ್ಲಿಗೆ ಮುಖವಿಟ್ಟು ನಿಂತಳು.

ಮೊದಲ ಗುಪ್ಪೆಗೆ ಆಕೆ ಹೇಳಿದ್ದು ಕುರುಡ ಮಾಸ್ತಿಯ ಮನೆ. ಎರಡನೆಯದಕ್ಕೆ ತನ್ನದೇ. ಹೀಗೆ ಬಲೆಗೆ ಬಾರದ ನಾಲ್ಕು ಮನೆಗೂ ನಾಲ್ಕು ಗುಪ್ಪೆ ಹೋದವು. ಎಳೆದವರ ಹೆಸರೇ ಮರೆತುಹೋಯಿತೇ ಎಂದು ಜಟ್ಟು ದನಿಯೇರಿಸಿದ. ಹೊಸಬಿ ತಿರುಗಲಿಲ್ಲ.

“ಬೆನ್ನು ತಿರಗಸ್ಕಂಡು ನಿಂತವ್ಳಿಗೆ ಬಲೆ ಎಳದವ್ರು ಯಾರು ಅಂತ ಹೆಂಗೆ ಕಾಣ್ತದೆ, ತಮಾ?”

ಉಬ್ಬರದ ನೀರು ಕಲ್ಲನ್ನು ಸುತ್ತಿ ಆಕೆಯ ಮೊಣಕಾಲಿಗೆ ಬಂದರೂ ಆಕೆ ಅಲುಗಲಿಲ್ಲ. ಕೊನೆಗೆ ಜಟ್ಟುವೇ ಬಾಗಿ ಎಲ್ಲವನ್ನೂ ಒಟ್ಟುಗೂಡಿಸಿ ಹನ್ನೊಂದು ಗುಪ್ಪೆ ಮಾಡಿದ. ಮತ್ತೆ ಕೇಳಿದಾಗ ಹೊಸಬಿ ಮೊದಲು ಕೂಗಿದ್ದು ಬಾಣಂತಿಯಿದ್ದ ಅವನ ಮನೆಯನ್ನೇ ಎನ್ನುತ್ತಾರೆ.

ಈಗ ದೋಣಿಗಳಿಗೆ ಯಂತ್ರ ಬಂದಿದೆ, ಮೀನು ಪೇಟೆಗೆ ಹೋಗುತ್ತದೆ. ಆದರೂ ಮಳೆಗಾಲ ಕಳೆದು ಮೊದಲ ಬಲೆ ಎಳೆದ ದಿನ ಹೋದವರು ನೋಡಬಹುದು: ಒಬ್ಬ ಹೆಂಗಸು ಕಲ್ಲಿಗೆ ಮುಖವಿಟ್ಟು ಮನೆಗಳ ಹೆಸರು ಕೂಗುತ್ತಾಳೆ. ಎಲ್ಲ ಮನೆ ಮುಗಿದ ಮೇಲೂ ಒಂದು ಗುಪ್ಪೆ ಉಳಿದಿರುತ್ತದೆ. ಇದು ಯಾರಿಗೆ ಎಂದು ಕೇಳಿದರೆ, “ನೋಡೂಕೆ ಬಂದವ್ರಿಗೆ” ಎನ್ನುತ್ತಾಳೆ.